ಹರಕು ದನಿಗೊಂದು ಪ್ರೀಆಂಪ್

ಟ್ಯೂಬ್ ಪ್ರೀಆಂಪ್ಲಿಫೈಯರ್ ತಗೋತೀನಿ ಅಂತ ಹೇಳಿದರೆ ಬೆಂಗಳೂರಿನಲ್ಲಿ ಜನ ಎರಡು ಥರ ನೋಡುತ್ತಾರೆ. ಒಂದು, 'ಇವನ ಅಪ್ರೈಸಲ್ ಚೆನ್ನಾಗಿ ಆಗಿರಬೇಕು' ಅನ್ನುವ ನೋಟ. ಇನ್ನೊಂದು, ವಿಷಯ ಗೊತ್ತಿರುವವರ ನೋಟ. ಇದು ಹೆಚ್ಚು ಅಪಾಯ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತುಬಿಡುತ್ತಾರೆ. ಬೆಚ್ಚಗಿನ ದನಿ, ಜೇನಿನಂಥ ದನಿ, ಗಾಯಕ ಎದುರಿಗೇ ಕೂತ ಹಾಗೆ ಅಂತೆಲ್ಲ ಶುರು ಮಾಡಿದರೆ ಊಟದ ಬಿಡುವು ಮುಗಿದದ್ದೂ ಗೊತ್ತಾಗುವುದಿಲ್ಲ. ಎಷ್ಟು ವೋಲ್ಟು, ಎಷ್ಟು ಗೇನು ಅಂತ ಕೇಳಿ ನೋಡಿ, ಆಗ ಮಾತ್ರ ಮೌನ.

ನನಗೆ ಇದರ ಗೀಳು ಹತ್ತಿದ್ದಕ್ಕೆ ಕಾರಣ ಒಂದು ಕ್ಯಾಸೆಟ್. ನಮ್ಮೂರು ಹುಲಗೂರು. ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲೂಕು. ಶಿಶುನಾಳ ಹತ್ತಿರದಲ್ಲೇ ಇದೆ. ಶರೀಫರ ತಂದೆ ನಮ್ಮೂರಿನ ಖಾದರಿ ಅಜ್ಜನವರಿಗೆ ನಡೆದುಕೊಳ್ಳುತ್ತಿದ್ದರು ಅಂತ ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಏನೋ, ತತ್ವಪದ ಅಂದರೆ ನಮ್ಮಲ್ಲಿ ಹಾಡುವವರಿಗೂ ಬರಗಾಲವಿಲ್ಲ, ಕೇಳುವವರಿಗೂ ಇಲ್ಲ. ನನ್ನ ಅವ್ವನ ತವರೂ ಹುಲಗೂರೇ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಹೊಲ ಮಾಡಿಕೊಂಡಿದ್ದವನು. ರಾತ್ರಿ ಭಜನೆಯಲ್ಲಿ ಏಕತಾರಿ ಹಿಡಿದು ಶರೀಫರ ಪದ ಹೇಳುತ್ತಿದ್ದ. 1994ರಲ್ಲಿ, ಇನ್ನೂ ನಮ್ಮದು ಧಾರವಾಡ ಜಿಲ್ಲೆಯಾಗಿದ್ದಾಗ, ಯಾರೋ ಒಂದು ಟೇಪ್ ರೆಕಾರ್ಡರ್ ತಂದು ಅವನ ಮುಂದೆ ಇಟ್ಟು 60 ನಿಮಿಷದ ಕ್ಯಾಸೆಟ್ಟಿನಲ್ಲಿ ಅದನ್ನು ಹಿಡಿದರು. ಅಜ್ಜ ತೀರಿಕೊಂಡಿದ್ದು 1999ರಲ್ಲಿ. ಅವನ ಫೋಟೊ ಎರಡು ಇವೆ. ದನಿ ಇರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಅವ್ವ ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಬೆಂಗಳೂರಿಗೆ ಬರುವಾಗ ನನ್ನ ಕೈಗೆ ಕೊಟ್ಟು, "ನೀ ಇಂಜಿನಿಯರ್ ಅದೀಯಲಾ, ಇದನ್ನ ಕೇಳೂವಂಗ ಮಾಡಪಾ" ಅಂದಳು.

ಸಾಫ್ಟ್‌ವೇರ್ ಇಂಜಿನಿಯರಿಗೂ ಟೇಪಿಗೂ ಏನು ಸಂಬಂಧ ಅಂತ ಅವ್ವನಿಗೆ ಹೇಗೆ ಹೇಳುವುದು? ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ ತಂದೆ. ಪವರ್ ಆಂಪ್ಲಿಫೈಯರು, ಸ್ಪೀಕರು ಮೊದಲೇ ಇದ್ದವು. ನಡುವೆ ಒಂದು ಪ್ರೀಆಂಪ್ ಬೇಕಾಯಿತು. ಬೇಕೇ ಬೇಕಾದ ಮೇಲೆ ವಾಲ್ವಿನದೇ ಯಾಕಾಗಬಾರದು ಅಂತ ಅಲ್ಲಿಂದ ಶುರು.

ಪ್ರೀಆಂಪ್ ಮಾಡುವುದು ಮೂರು ಕೆಲಸ. ಯಾವ ಮೂಲದಿಂದ ಹಾಡು ಬರಬೇಕು ಅಂತ ಆರಿಸುವುದು, ದನಿ ಏರಿಸಿ ಇಳಿಸುವುದು, ಮೂಲದಿಂದ ಬರುವ ಸಣ್ಣ ಸಿಗ್ನಲ್ಲನ್ನು ಪವರ್ ಆಂಪ್ಲಿಫೈಯರಿಗೆ ಬೇಕಾದಷ್ಟು ದೊಡ್ಡದು ಮಾಡಿ ಕೊಡುವುದು. ಇದನ್ನು ಟ್ರಾನ್ಸಿಸ್ಟರ್ ಮಾಡಬಹುದು, ಚಿಪ್ ಮಾಡಬಹುದು, ವಾಲ್ವೂ ಮಾಡಬಹುದು. ವಾಲ್ವಿನ ಕೆಲಸ ನಮ್ಮ ಕೆರೆಯ ತೂಬಿನ ಹಾಗೆ. ಗಾಜಿನ ಬುರುಡೆಯೊಳಗೆ ಗಾಳಿಯಿಲ್ಲ. ನಡುವೆ ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಆಚೆ ಇರುವ ಪ್ಲೇಟು ಹೆಚ್ಚಿನ ವೋಲ್ಟೇಜಿನಿಂದ ಅವನ್ನು ಎಳೆದುಕೊಳ್ಳುತ್ತದೆ. ಮಧ್ಯದಲ್ಲಿ ಗ್ರಿಡ್ ಅನ್ನುವ ತಂತಿಯ ಜಾಲರಿ. ಹಾಡಿನ ಸಣ್ಣ ವೋಲ್ಟೇಜು ಆ ಜಾಲರಿಯ ಮೇಲೆ ಕೂತು, ತೂಬನ್ನು ತುಸು ಎತ್ತಿ ತುಸು ಇಳಿಸಿದಂತೆ ದೊಡ್ಡ ಹರಿವನ್ನು ಕುಣಿಸುತ್ತದೆ. ಲೀ ಡಿ ಫಾರೆಸ್ಟ್ ಈ ಜಾಲರಿಯನ್ನು ತುರುಕಿದ್ದು 1906ರಲ್ಲಿ. ಟ್ರಾನ್ಸಿಸ್ಟರ್ ಬಂದಿದ್ದು 1947ರಲ್ಲಿ. ನಾನು ಬಿಇ ಓದುವ ಹೊತ್ತಿಗೆ ವಾಲ್ವು ಸಿಲೆಬಸ್ಸಿನಿಂದಲೂ ಹೋಗಿತ್ತು.

ಆದರೆ ಇದು ನಮಗೆ ಪರದೇಶದ ವಸ್ತುವೇನಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಅದನ್ನು ಕೇಳಿಸಿದ್ದು ಇಂಥ ವಾಲ್ವ್ ರೇಡಿಯೊಗಳೇ. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾಯಬೇಕು, ಆಮೇಲೆ ಎಲ್ಲಿಂದಲೋ ದನಿ ಎದ್ದು ಬರುತ್ತಿತ್ತು ಅಂತ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ರೇಡಿಯೊ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸು ಕಟ್ಟುತ್ತಿದ್ದ ಕಾಲ ಅದು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ, 1954ರಲ್ಲಿ ಹುಟ್ಟಿದ ಬಿಇಎಲ್, 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಇವತ್ತಿಗೂ ಹಳೇ ಸ್ಟಾಕು ಇಟ್ಟುಕೊಂಡ ಅಂಗಡಿಯಲ್ಲಿ ಬಿಇಎಲ್ ಹೆಸರಿರುವ ವಾಲ್ವು ಅದರ ರಟ್ಟಿನ ಡಬ್ಬಿಯ ಸಮೇತ ಸಿಕ್ಕೀತು. ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ಊರಿನಲ್ಲಿ ಮಾಡಿದ್ದು ಅನ್ನುವ ಖುಷಿಗೇ ಎರಡು ಇಸಿಸಿ83 ಕೊಂಡು ಜೇಬಿನಲ್ಲಿ ಇಟ್ಟುಕೊಂಡು ಬಂದೆ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಸಿಸಿ83 ಮತ್ತು ಇಸಿಸಿ82, ಅಮೆರಿಕದ ಹೆಸರಿನಲ್ಲಿ 12ಎಎಕ್ಸ್7 ಮತ್ತು 12ಎಯು7, ಎರಡೂ ನೋಡಲು ಅವಳಿ ಮಕ್ಕಳು. ಒಂಬತ್ತೇ ಕಾಲು, ಒಂದೇ ಸಾಕೆಟ್ಟು. ಆದರೆ 83ರ ವರ್ಧನೆ ಸುಮಾರು 100, 82ರದ್ದು ಹೆಚ್ಚೆಂದರೆ 20. ಕೆಲಸ ಮಾಡುವಾಗ ಕುಡಿಯುವ ಕರೆಂಟೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಚುಚ್ಚಿ 'ಆಹಾ, ದನಿ ಹೇಗೆ ಬದಲಾಯಿತು' ಅನ್ನುವವರಿದ್ದಾರೆ. ಬದಲಾಗದೇ ಇರುತ್ತದೆಯೇ? ಸ್ಕೂಟರಿಗೆ ಟ್ರ್ಯಾಕ್ಟರಿನ ಗಾಲಿ ಹಾಕಿದರೂ ಸವಾರಿ ಬದಲಾಗುತ್ತದೆ. ಸರ್ಕ್ಯೂಟನ್ನು ಯಾವ ವಾಲ್ವಿಗೆ ಬರೆದಿದ್ದಾರೋ ಅದನ್ನೇ ಹಾಕಬೇಕು. ನನ್ನ ಎರಡು ಬಿಇಎಲ್ ವಾಲ್ವುಗಳು ಈಗಲೂ ಪುಸ್ತಕದ ಕಪಾಟಿನಲ್ಲೇ ಇವೆ.

ಆರಿಸುವಾಗ ನಾನು ಮೊದಲು ಮಾಡಿದ್ದು ಲೆಕ್ಕ. ಈಗಿನ ಡಿಜಿಟಲ್ ಪ್ಲೇಯರು, ಡ್ಯಾಕು ಸಾಮಾನ್ಯವಾಗಿ 2 ವೋಲ್ಟು ಕೊಡುತ್ತವೆ. ನನ್ನ ಪವರ್ ಆಂಪ್ಲಿಫೈಯರು ಪೂರ್ತಿ ಕೂಗಲು ಬೇಕಾದದ್ದು 1.2 ವೋಲ್ಟು. ಅಂದರೆ ಡಿಜಿಟಲ್ ಹಾಡಿಗೆ ವರ್ಧನೆಯೇ ಬೇಡ, ಇಳಿಸುವುದಷ್ಟೇ ಕೆಲಸ. ಕ್ಯಾಸೆಟ್ ಡೆಕ್ಕಿನಿಂದ ಬರುವುದು ಸುಮಾರು 0.4 ವೋಲ್ಟು. ಅದಕ್ಕೆ 4 ಪಟ್ಟು, ಅಂದರೆ 12 ಡೆಸಿಬೆಲ್, ಧಾರಾಳ ಸಾಕು. ಮಾರುಕಟ್ಟೆಯ ಎಷ್ಟೋ ಟ್ಯೂಬ್ ಪ್ರೀಆಂಪುಗಳು 10 ಪಟ್ಟು, ಅದಕ್ಕಿಂತ ಹೆಚ್ಚು ಏರಿಸುತ್ತವೆ. ಹಾಗಾದಾಗ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಗುಂಡಿ ಅಷ್ಟು ಕೆಳಗಿರುವಾಗ ಎಡ ಬಲ ದನಿ ಸಮನಾಗಿರುವುದೂ ಕಷ್ಟ. ಮೇಲಿಂದ ವಾಲ್ವಿನ ಸುಯ್ ಅನ್ನುವ ಸದ್ದು ಬೇರೆ.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್. ವಾಲ್ವಿನ ಪ್ಲೇಟಿನಿಂದ ನೇರವಾಗಿ ಸಿಗ್ನಲ್ ತೆಗೆದರೆ ಅದು ಹತ್ತಾರು ಸಾವಿರ ಓಮ್ ಆಗಬಹುದು. ಈಗಿನ ಕ್ಲಾಸ್ ಡಿ ಆಂಪ್ಲಿಫೈಯರುಗಳಲ್ಲಿ ಇನ್‌ಪುಟ್ 10,000 ಓಮ್ ಇರುವುದು ಮಾಮೂಲು. ಎರಡನ್ನೂ ಜೋಡಿಸುವುದೆಂದರೆ ಬಡಕಲು ಎತ್ತಿಗೆ ಹತ್ತಿ ತುಂಬಿದ ಬಂಡಿ ಕಟ್ಟಿದ ಹಾಗೆ. ಎತ್ತು ಹೆಜ್ಜೆ ಎತ್ತುವುದಿಲ್ಲ. ಆಂಪ್ಲಿಫೈಯರಿನ ಇನ್‌ಪುಟ್ಟು ಪ್ರೀಆಂಪಿನ ಔಟ್‌ಪುಟ್ಟಿಗಿಂತ ಕನಿಷ್ಠ ಹತ್ತು ಪಟ್ಟು ಇರಬೇಕು ಅನ್ನುವುದು ಹಳೇ ಲೆಕ್ಕ. ಅದಕ್ಕೆ ಕ್ಯಾಥೋಡ್ ಫಾಲೋವರ್ ಅನ್ನುವ ಇನ್ನೊಂದು ಹಂತ ಹಾಕುತ್ತಾರೆ. ಅದು ದನಿ ಏರಿಸುವುದಿಲ್ಲ, ಹೆಗಲು ಕೊಡುತ್ತದೆ. ಇಸಿಸಿ82ರ ಒಂದೇ ಬುರುಡೆಯಲ್ಲಿ ಎರಡು ಟ್ರಯೋಡ್ ಇರುವುದರಿಂದ ಒಂದು ಏರಿಸಲು, ಒಂದು ಹೆಗಲಿಗೆ. ಪ್ರತಿ ಕಿವಿಗೆ ಒಂದು ವಾಲ್ವು, ಮುಗಿಯಿತು.

ಮೂರನೆಯದು ಪ್ಲೇಟ್ ವೋಲ್ಟೇಜು. ಈ ವಾಲ್ವುಗಳು ಸರಿಯಾಗಿ ಕೆಲಸ ಮಾಡಲು 200, 250 ವೋಲ್ಟು ಬೇಕು. ಕೆಲವು ಅಗ್ಗದ ಡಬ್ಬಿಗಳಲ್ಲಿ 24 ವೋಲ್ಟು ಕೊಟ್ಟು ವಾಲ್ವನ್ನು ಉಪವಾಸ ಕೂರಿಸಿರುತ್ತಾರೆ. ದುಡಿಯುವುದು ಒಳಗಿನ ಚಿಪ್ಪು. ವಾಲ್ವು ಮದುವೆ ಮನೆಯ ಹಿರಿಯರ ಹಾಗೆ ಶೋಭೆಗೆ ಕೂತಿರುತ್ತದೆ. ಕೆಳಗೆ ಕೇಸರಿ ಬಣ್ಣದ ಎಲ್ಇಡಿ ಇಟ್ಟು ಹೊಳೆಯಿಸುವುದೂ ಉಂಟು. ಅಡಾಪ್ಟರು 12 ವೋಲ್ಟಿನದಿದ್ದರೆ, ಒಳಗೆ ಅದನ್ನು ಏರಿಸುವ ಸರ್ಕ್ಯೂಟ್ ಇದೆಯೇ ಅಂತ ಕೇಳಿಯೇ ದುಡ್ಡು ಕೊಡಿ. ನಿಜವಾದ 250 ವೋಲ್ಟಿನ ಡಬ್ಬಿಯಾದರೆ ಮುಚ್ಚಳ ಬಿಚ್ಚುವ ಮುಂಚೆ ನೂರು ಸಲ ಯೋಚಿಸಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಹೊಂಚು ಹಾಕಿ ಕೂತಿರುತ್ತದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಅಂತಲೂ ನೋಡಿಸಿ.

ಲೆಕ್ಕ ಮುಗಿದ ಮೇಲೆ ಕಿವಿಯ ಸರದಿ. ಮನೆಗೆ ಮೂರು ಡಬ್ಬಿ ತಂದೆ. ಒಂದು, ಗೆಳೆಯನಿಂದ ಎರವಲು ತಂದ, ತುಂಬಾ ಹಳೆಯ ಶೈಲಿಯ ಟ್ಯೂಬ್ ಪ್ರೀಆಂಪ್. 'ಜೇನು' ಅಂತ ಕರೆಯೋಣ. ಇನ್ನೊಂದು, ಇಸಿಸಿ82 ಹಾಕಿ ಕೈಯಲ್ಲೇ ಬೆಸುಗೆ ಮಾಡಿದ, ಗೇನ್ ಕಡಿಮೆ ಇರುವ ಸರಳ ಪ್ರೀಆಂಪ್. ಮೂರನೆಯದು ನನ್ನ ಹಳೇ ಟ್ರಾನ್ಸಿಸ್ಟರಿನದು. ಆಫೀಸಿನಲ್ಲಿ ಬಟನ್ನಿನ ಬಣ್ಣ ಬದಲಿಸುವುದಕ್ಕೂ ಎ/ಬಿ ಟೆಸ್ಟ್ ಮಾಡುವವರು ನಾವು. ಸಾವಿರಗಟ್ಟಲೆ ಕೊಡುವಾಗ ಮಾಡದಿದ್ದರೆ ಹೇಗೆ? 400 ಹರ್ಟ್ಸಿನ ಒಂದೇ ಸ್ವರ ಹಾಕಿ, ಮಲ್ಟಿಮೀಟರಿನಲ್ಲಿ ಅಳೆದು ಮೂರರ ದನಿಯನ್ನೂ ಸಮ ಮಾಡಿದೆ. ಇದು ಬಹಳ ಮುಖ್ಯ. ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೆ ನಮಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಅಂಗಡಿಯವರಿಗೆ ಈ ಗುಟ್ಟು ಗೊತ್ತು. ಆಮೇಲೆ ನನ್ನ ಹೆಂಡತಿ ಪರದೆಯ ಹಿಂದೆ ಕೂತು, ನಾಣ್ಯ ಚಿಮ್ಮಿ ಬಂದ ಹಾಗೆ ಡಬ್ಬಿ ಬದಲಿಸುತ್ತಾ ಹೋದಳು. ಒಂದೊಂದು ಜೋಡಿಗೆ 20 ಸಲ. ಸುಮ್ಮನೆ ಊಹಿಸಿದರೂ 10 ಸರಿ ಬರುತ್ತವೆ. 15 ಅಥವಾ ಹೆಚ್ಚು ಬರುವ ಸಾಧ್ಯತೆ ಶೇ. 2ರಷ್ಟು ಮಾತ್ರ. ಹಾಗಾಗಿ 15 ದಾಟಿದರೆ ನಂಬೋಣ ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆ.

ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದೆವು, ಸಿ. ಅಶ್ವತ್ಥ್ ಹಾಡಿದ ಶರೀಫರ ಪದಗಳನ್ನು ಹಾಕಿದೆವು. 'ಜೇನ'ನ್ನು 20ರಲ್ಲಿ 18 ಸಲ ಗುರುತಿಸಿದೆ. ಮೇಲಿನ ಸ್ವರಗಳು ಅದರಲ್ಲಿ ಮಂಜಿನ ಹಿಂದೆ ಹೋಗುತ್ತವೆ, ಕೆಳಗೆ ಸಣ್ಣಗೆ ಗುಂಯ್ ಅನ್ನುತ್ತದೆ. ಇಸಿಸಿ82ರ ಡಬ್ಬಿಗೂ ಟ್ರಾನ್ಸಿಸ್ಟರಿಗೂ ನನಗೆ ಬಂದದ್ದು 20ಕ್ಕೆ 11. ಅಂದರೆ ನಾಣ್ಯಕ್ಕೂ ನನ್ನ ಕಿವಿಗೂ ಏನೂ ಭೇದವಿಲ್ಲ. ಚೆನ್ನಾಗಿ ಮಾಡಿದ ವಾಲ್ವಿನ ಪ್ರೀಆಂಪು ವಾಲ್ವಿನ ಹಾಗೆ ಕೇಳಿಸುವುದೇ ಇಲ್ಲ. ವಾಲ್ವಿನ ದನಿ ಅಂತ ನಾವು ಕರೆಯುವುದರಲ್ಲಿ ಮುಖ್ಯ ಪಾಲು ಸರ್ಕ್ಯೂಟು ಸೇರಿಸಿದ ಎರಡನೇ ಹಾರ್ಮೋನಿಕ್ಕಿನದು, ಇಳಿದುಹೋದ ಮೇಲಿನ ಸ್ವರಗಳದು. ಎರಡನೇ ಹಾರ್ಮೋನಿಕ್ ಅಂದರೆ ಅದೇ ಸ್ವರ, ಒಂದು ಸಪ್ತಕ ಮೇಲೆ. ಅದಕ್ಕೇ ಅದು ಕಿವಿಗೆ ಅಪಸ್ವರ ಅನ್ನಿಸದೆ ಮೈ ತುಂಬಿದ ಹಾಗೆ ಅನ್ನಿಸುತ್ತದೆ. ತಪ್ಪೇನಿಲ್ಲ, ಇಷ್ಟಪಡಿ. ಆದರೆ ಅದು ಒಗ್ಗರಣೆ, ಕಾಳಲ್ಲ.

ಇಷ್ಟಾದ ಮೇಲೆ ಅವ್ವನನ್ನು ಕೂರಿಸಿ ಅಜ್ಜನ ಕ್ಯಾಸೆಟ್ ಹಾಕಿದೆ. ಮೊದಲು 'ಜೇನಿ'ನಲ್ಲಿ. ವಾಲ್ವು ಹೊತ್ತಿಕೊಂಡಿದ್ದು ನೋಡಿ ಅವ್ವ, "ದ್ಯಾವರ ಜಗಲಿ ಬಿಟ್ಟು ಇಲ್ಲ್ಯಾಕ ದೀಪಾ ಹಚ್ಚೀಯೋ?" ಅಂತ ನಕ್ಕಳು. ಟೇಪಿನ ಸುಯ್ ಸದ್ದು ಮೆತ್ತಗಾಗಿ, ಅಜ್ಜನ ದನಿ ದುಂಡಗೆ, ಸಾವಕಾಶವಾಗಿ ಬಂತು. ನನಗೆ ಹಿತವಾಗಿತ್ತು. ಅವ್ವ ಒಂದು ಪದ ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರು ಬರಲಿಲ್ಲ.

"ದನಿ ಚಲೋ ಐತಿ ಬಿಡು" ಅಂದಳು. "ಆದ್ರ ನಮ್ಮಪ್ಪಂದಲ್ಲ."

"ಯಾಕಬೇ?"

"ಅವನ ದನಿ ಇಷ್ಟು ಸವಿ ಎಲ್ಲಿತ್ತೋ? ಹರಕ ಇತ್ತು. ಮ್ಯಾಲ ಹೋದಾಗ ಅರಿವಿ ಹರದಂಗ ಆಗ್ತಿತ್ತು. ಅದನ್ನ ಕೇಳಾಕನ ಮಂದಿ ರಾತ್ರಿ ಎಲ್ಲಾ ಕುಂದರತಿದ್ರು."

ಟ್ರಾನ್ಸಿಸ್ಟರಿನಲ್ಲಿ ಹಾಕಿದೆ. ತುಸು ಸ್ವಚ್ಛ, ಆದರೆ ಹರಕು ಅಲ್ಲೂ ಇಲ್ಲ. ಅಂದಮೇಲೆ ಅದು ಪ್ರೀಆಂಪಿಗೆ ಬರುವ ಮೊದಲೇ ಎಲ್ಲೋ ಉಳಿದುಕೊಂಡಿದೆ. ಬಗ್ ಹುಡುಕುವಾಗ ನಾವು ಮಾಡುವುದೂ ಇದನ್ನೇ: ಕೊನೆಯಲ್ಲಿ ತಪ್ಪು ಕಂಡರೆ ಮೂಲದ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ನಡೆಯುವುದು.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 1963ರಲ್ಲಿ ಫಿಲಿಪ್ಸ್ ತಂದಾಗಿನಿಂದ ಅದೇ ವೇಗ. ಇಷ್ಟು ನಿಧಾನವಾದ್ದರಿಂದ ಮೇಲಿನ ಸ್ವರಗಳು ಟೇಪಿನ ಮೇಲೆ ತೀರಾ ಇಕ್ಕಟ್ಟಾಗಿ ಬರೆದಿರುತ್ತವೆ. ಓದುವ ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಂತಿರಬೇಕು. ಇದಕ್ಕೆ ಅಜಿಮತ್ ಅನ್ನುತ್ತಾರೆ. ಕೂದಲಷ್ಟು ಓರೆಯಾದರೂ ಮೊದಲು ಹೋಗುವುದು ಮೇಲಿನ ಸ್ವರ. 1994ರ ಆ ಟೇಪ್ ರೆಕಾರ್ಡರಿನ ಹೆಡ್ಡೇ ಓರೆಯಾಗಿದ್ದಿರಬೇಕು. ಓರೆ ಹೆಡ್ಡು ಬರೆದದ್ದನ್ನು ನೆಟ್ಟಗಿನ ಹೆಡ್ಡು ಓದಲಾರದು. ಅದರ ಓರೆಗೆ ನಾವೂ ಓರೆಯಾಗಬೇಕು.

ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಎಲ್ಲಿತ್ತು ಅಂತ ನೆನಪಿಗೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಗುರುತು ಹಾಕಿದೆ. ಎಡ ಬಲ ಎರಡನ್ನೂ ಕೂಡಿಸಿ ಮಾನೋ ಮಾಡಿದೆ. ಹೀಗೆ ಕೂಡಿಸಿದಾಗ ಹೆಡ್ಡು ಓರೆಯಿದ್ದರೆ ಮೇಲಿನ ಸ್ವರಗಳು ಒಂದನ್ನೊಂದು ಹೊಡೆದು ಇನ್ನಷ್ಟು ಮಂಕಾಗುತ್ತವೆ, ಹಾಗಾಗಿ ಸರಿಯಾದ ಜಾಗ ಕಿವಿಗೆ ಬೇಗ ಸಿಗುತ್ತದೆ. ಅಜ್ಜ ಹಾಡುತ್ತಲೇ ಇದ್ದ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿರಬಹುದು. ಮೊದಲು ತಾಳ ಬಂತು, ಕಂಚಿನ ಸದ್ದಾಗಿ. ಆಮೇಲೆ ಏಕತಾರಿಯ ತಂತಿ. ಆಮೇಲೆ ಅಜ್ಜ ಮೇಲಿನ ಷಡ್ಜಕ್ಕೆ ಹೋದ, ದನಿ ಪರ್ ಅಂತ ಸೀಳಿತು.

ಅವ್ವ ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಏನೂ ಅನ್ನಲಿಲ್ಲ. ಪದ ಮುಗಿಯುವವರೆಗೂ ನಿಂತೇ ಇದ್ದಳು. ತವೆಯ ಮೇಲಿನ ರೊಟ್ಟಿ ಕರಕಾದ ವಾಸನೆ ಬಂದರೂ ಯಾರೂ ಅಲುಗಾಡಲಿಲ್ಲ.

ಕೊನೆಗೆ ನಾನು ಇಟ್ಟುಕೊಂಡದ್ದು ಇಸಿಸಿ82ರ ಸರಳ ಡಬ್ಬಿ. ಕಿವಿಗೆ ವ್ಯತ್ಯಾಸವಿಲ್ಲದ ಮೇಲೆ ಯಾಕೆ ಅಂತ ನೀವು ಕೇಳಬಹುದು, ಹೆಂಡತಿಯೂ ಕೇಳಿದಳು. ಮೊದಲನೆಯದಾಗಿ, ಅದು ಅಜ್ಜನ ದನಿಗೆ ಸಕ್ಕರೆ ಹಾಕುವುದಿಲ್ಲ. ಹರಕು ಹರಕಾಗಿಯೇ ದಾಟಿ ಬರುತ್ತದೆ. ಎರಡನೆಯದಾಗಿ, ಕ್ಯಾಸೆಟ್ಟಿಗೆ ಬೇಕಾದಷ್ಟೇ ಏರಿಸುತ್ತದೆ. ಮೂರನೆಯ ಕಾರಣ ಪೂರ್ತಿ ನನ್ನದು. ಆಫೀಸಿನಲ್ಲಿ ನಾನು ಕೆಲಸ ಮಾಡುವ ಕೋಡನ್ನು ಪೂರ್ತಿ ಓದಿದ ಮನುಷ್ಯ ಯಾರೂ ಇಲ್ಲ, ನಾನಂತೂ ಅಲ್ಲ. ಈ ಡಬ್ಬಿಯ ಸರ್ಕ್ಯೂಟು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಯಾವ ರೆಸಿಸ್ಟರ್ ಯಾಕಿದೆ ಅಂತ ಬೆರಳಿಟ್ಟು ತೋರಿಸಬಲ್ಲೆ. ವಾಲ್ವು ಸಾವಿರಾರು ಗಂಟೆ ಬಾಳುತ್ತದೆ. ಸತ್ತರೆ ಕಿತ್ತು ಇನ್ನೊಂದು ಹಾಕಿದರಾಯಿತು, ಸ್ಲೊವಾಕಿಯಾದಲ್ಲಿ ಈಗಲೂ ಹೊಸದು ತಯಾರಾಗುತ್ತಿದೆ. ದೀಪದ ಬೆಳಕು ಕಣ್ಣಿಗೆ ಚೆಂದ ಅನ್ನುವುದೂ ಉಂಟು, ಅದಕ್ಕೆ ಕಿವಿಯ ಹೆಸರು ಹೇಳುವುದಿಲ್ಲ.

ನೀವು ಕೊಳ್ಳುವವರಿದ್ದರೆ ನನ್ನ ಮಾತು ಇಷ್ಟೇ. ಮೊದಲು ಮೂಲ ಸರಿ ಮಾಡಿಕೊಳ್ಳಿ, ಆಮೇಲೆ ಸ್ಪೀಕರು ಮತ್ತು ಅದು ಕೂರುವ ಕೋಣೆ. ಪ್ರೀಆಂಪಿನ ಪಾಳಿ ಅದರ ನಂತರ. ನಿಮ್ಮ ಬಳಿ ಮನೆಯವರ ದನಿಯಿರುವ ಹಳೇ ಕ್ಯಾಸೆಟ್ ಇದ್ದರಂತೂ ಈ ವಾರವೇ ತೆಗೆಯಿರಿ. ಟ್ಯೂಬ್ ಇನ್ನೂ ಹತ್ತು ವರ್ಷ ಸಿಗುತ್ತದೆ, ಟೇಪಿಗೆ ಆ ಭರವಸೆ ಇಲ್ಲ.

ಎ ಸೈಡು ಪೂರ್ತಿ ಕಂಪ್ಯೂಟರಿಗೆ ಇಳಿಸಿ, ಸಂಬಂಧಿಕರಿಗೆಲ್ಲ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ ಸವಣೂರಿನಿಂದ ಚಿಕ್ಕವ್ವನ ಫೋನು. ಫೋನಿನ ಪುಟ್ಟ ಸ್ಪೀಕರಿನಲ್ಲೇ ಕೇಳಿದ್ದಾಳೆ. ಮೂಗು ಏರಿಸುತ್ತಾ, "ಅಪ್ಪ ಕೆಮ್ಮಿದ್ದೂ ಬಂದೈತಲ್ಲೋ" ಅಂದಳು. ಆಮೇಲೆ ಸುಧಾರಿಸಿಕೊಂಡು ಕೇಳಿದಳು: "ಬಿ ಸೈಡಿನ್ಯಾಗ ಇನ್ನೊಂದು ಪದ ಐತಿ. ಅದರಾಗ ನಾನೂ ಹಿಂದ ದನಿಗೂಡಿಸೇನಿ. ಅದನ್ನ ಯಾವಾಗ ಕಳಸ್ತಿ?"

ಟೇಪನ್ನು ಮಗುಚಿ ಹಾಕಿದರೆ ಓರೆಯೂ ಬದಲಾಗುತ್ತದೆ. ಸ್ಕ್ರೂ ಮತ್ತೆ ತಿರುಗಿಸಬೇಕು. ಬರುವ ಭಾನುವಾರ ಅಂತ ಹೇಳಿದ್ದೇನೆ.